ಚಿಲಕವಿಲ್ಲದ ಮನೆಯ ಕಂಪ್ಯೂಟರ್

ಆ ಮನೆಯಲ್ಲಿ ಬೀದಿಬಾಗಿಲೊಂದನ್ನು ಬಿಟ್ಟರೆ ಬೇರೆ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಮಗ ಚಿಕ್ಕವನಿದ್ದಾಗ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು, ಅದು ಸಿಕ್ಕಿಕೊಂಡು, ಬಾಗಿಲು ಒಡೆದು ಅವನನ್ನು ಹೊರಗೆ ತೆಗೆಯಬೇಕಾಗಿ ಬಂದಿತ್ತು. ಅದೇ ದಿನ ಅವನಪ್ಪ ಸ್ಕ್ರೂಡ್ರೈವರ್ ಹಿಡಿದು ಮನೆಯ ಚಿಲಕಗಳನ್ನೆಲ್ಲ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದರು. ಆ ಮಗನ ತಲೆ ಈಗ ನರೆತಿದೆ. ಚಿಲಕಗಳು ಇನ್ನೂ ಡಬ್ಬದಲ್ಲೇ ಇವೆ. ಬಚ್ಚಲಿಗೆ ಹೋದವರು ಬಾಗಿಲ ಮೇಲೆ ಟವೆಲ್ ಹಾಕಬೇಕು. ಟವೆಲ್ ಕಂಡವರು ಹೊರಗೆ ನಿಂತು ಕೆಮ್ಮಬೇಕು. ಒಳಗಿದ್ದವರು ತಿರುಗಿ ಕೆಮ್ಮಬೇಕು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಸ್ನಾನ ಮುಗಿಯುವವರೆಗೂ ಕೆಮ್ಮುತ್ತಲೇ ಇರುತ್ತಿದ್ದಳು. ಹುಡುಗಿಯ ಎದೆ ಸರಿಯಿಲ್ಲವೇನೋ ಎಂದು ಅತ್ತೆ ವಾರಗಟ್ಟಲೆ ಬಿಸಿನೀರು ಕಾಯಿಸಿ ಕೊಟ್ಟಿದ್ದರು.

ಕಂಪ್ಯೂಟರ್ ಇದ್ದದ್ದು ನಡುಮನೆಯಲ್ಲಿ, ಊಟದ ಮೇಜಿನ ಪಕ್ಕಕ್ಕೆ. ಅಡುಗೆಮನೆಗೆ ಹೋಗುವವರು, ಬಚ್ಚಲಿಗೆ ಹೋಗುವವರು, ಎಲ್ಲರೂ ಅದರ ಹಿಂದಿನಿಂದಲೇ ಹೋಗಬೇಕು. ಸೊಸೆಯ ಗಂಡ, ಅಂದರೆ ಆ ಮಗ, ತನ್ನ ಔಷಧಿ ಅಂಗಡಿಯ ದಾಸ್ತಾನನ್ನು ಅದರಲ್ಲೇ ನೋಡುತ್ತಿದ್ದ. ಮಗಳು, ಎಲ್ಲರೂ ಗುಬ್ಬಿ ಎಂದು ಕರೆಯುವ ಹೈಸ್ಕೂಲಿನ ಹುಡುಗಿ, ಪಾಠ ಬರೆಯುತ್ತಿದ್ದಳು. ಉಳಿದ ಹೊತ್ತಿನಲ್ಲಿ ಸೊಸೆ ಕೂತು ನಕ್ಷೆ ಎಳೆಯುತ್ತಿದ್ದಳು: ಅಡುಗೆಮನೆಯ ಕಪಾಟು, ಬಟ್ಟೆಯ ಬೀರು, ಮೆಟ್ಟಿಲ ಕೆಳಗಿನ ಗೂಡು. ಮೂರು ಬೀದಿಯಾಚೆಯ ಮರಗೆಲಸದ ಕಾರ್ಖಾನೆಯಲ್ಲಿ ಅವಳ ನಕ್ಷೆ ನೋಡಿಕೊಂಡೇ ಹಲಗೆ ಕೊಯ್ಯುತ್ತಿದ್ದರು.

ಅವಳು ಎಳೆಯುವಾಗ ಬೆನ್ನ ಹಿಂದೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು.

"ಈ ಕಪಾಟಿನ ಮನೆಯವಳು ಅಷ್ಟೆತ್ತರಕ್ಕೆ ಕೈ ಚಾಚ್ತಾಳಾ?" ಎಂದು ಅತ್ತೆ.

"ಈ ಬೀರು ನೆನ್ನೇನೂ ಹೀಗೇ ಇತ್ತಲ್ಲಮ್ಮ, ಇನ್ನೂ ಮುಗೀಲಿಲ್ವಾ?" ಎಂದು ಮಾವ.

"ಅಮ್ಮಾ, ಬೇಗ ಏಳು, ನಂಗೆ ಬೇಕು," ಎಂದು ಗುಬ್ಬಿ.

ಕಾರ್ಖಾನೆಯ ಒಡತಿಯನ್ನು ಕೆಲಸದವರೆಲ್ಲ ಅಕ್ಕ ಎನ್ನುತ್ತಿದ್ದರು. ಒಂದು ದಿನ ಅಕ್ಕ ಸೊಸೆಯನ್ನು ಕರೆದುಕೊಂಡು ಹೋಗಿ ವಾರ್ನಿಷ್ ಡಬ್ಬಗಳನ್ನು ಇಡುತ್ತಿದ್ದ ಕೋಣೆಯನ್ನು ತೋರಿಸಿದಳು. ಡಬ್ಬಗಳು ಹೋಗಿದ್ದವು. ಒಂದು ಮೇಜು, ಒಂದು ಕಂಪ್ಯೂಟರ್, ಮರದ ರಾಶಿಯ ಕಡೆ ಒಂದು ಕಿಟಕಿ.

"ಇದು ನಿಂಗೆ. ದಿನಾ ಬಂದು ಇಲ್ಲೇ ಎಳಿ. ಮೇಸ್ತ್ರಿಗೆ ಏನಾದ್ರೂ ಸಂಶಯ ಬಂದ್ರೆ ಬಾಗಿಲು ತಟ್ಟಿ ಕೇಳ್ತಾನೆ."

ಸೊಸೆ ಬಾಗಿಲನ್ನು ನೋಡಿದಳು. ಒಳಗಡೆ ಚಿಲಕವಿತ್ತು.

"ಆದ್ರೆ ನಕ್ಷೆ ಮಾತ್ರ ಒಂದೇ ಕಡೆ ಇರ್ಬೇಕು," ಎಂದಳು ಅಕ್ಕ. "ಹೋದ ಸಲದ ಕಥೆ ನೆನಪಿದೆ ತಾನೆ?"

ನೆನಪಿತ್ತು. ಸೊಸೆ ಪೆನ್‌ಡ್ರೈವ್‌ನಲ್ಲಿ ನಕ್ಷೆ ತಂದುಕೊಟ್ಟು, ಸಂಜೆ ಮನೆಯಲ್ಲಿ ಅಳತೆ ತಿದ್ದಿ, ತಿದ್ದಿದ್ದನ್ನು ಮರುದಿನ ತರುವುದರೊಳಗೆ ಮೇಸ್ತ್ರಿ ಹಳೆಯ ಅಳತೆಗೇ ಇಡೀ ಕಪಾಟು ಕೊಯ್ದು ಹಾಕಿದ್ದ. ಮನೆಯ ಕಂಪ್ಯೂಟರನ್ನು ಕಾರ್ಖಾನೆಗೆ ತರುವ ಮಾತಂತೂ ಇರಲಿಲ್ಲ. ಅಂಗಡಿಯ ದಾಸ್ತಾನು, ಗುಬ್ಬಿಯ ಪಾಠ ಎಲ್ಲ ಅದರಲ್ಲಿತ್ತು. ನಕ್ಷೆಗಳನ್ನೆಲ್ಲ ಕಾರ್ಖಾನೆಗೆ ಸಾಗಿಸಿಬಿಡಲು ಮಾವ ಒಪ್ಪಲಿಲ್ಲ. "ಮನೇಲಿ ಮಾಡಿದ ಕೆಲಸ ಮನೇಲೇ ಇರ್ಲಿ. ನಾಳೆ ಅವರು ಬರಬೇಡ ಅಂದ್ರೆ ಕೈಬೀಸ್ಕೊಂಡು ಬರ್ತೀಯಾ?" ಕಂಪ್ಯೂಟರ್ ಮನೆಯಲ್ಲೇ ಇರಬೇಕು, ಅದರಲ್ಲಿರುವ ನಕ್ಷೆಗಳು ಕಾರ್ಖಾನೆಯಲ್ಲಿ ತೆರೆದುಕೊಳ್ಳಬೇಕು. ಉಳಿದದ್ದು ಅದೊಂದೇ ದಾರಿ.

"ತಿಂಗಳ ಕೊನೆಯೊಳಗೆ ಆದ್ರೆ ಸರಿ," ಎಂದಳು ಅಕ್ಕ. "ಇಲ್ಲಾಂದ್ರೆ ಕೋಣೆ ಖಾಲಿ ಇಡೋಕಾಗಲ್ಲ ನೋಡು. ಬೇರೆಯವರನ್ನ ಹುಡುಕ್ತೀನಿ."

ಭಾನುವಾರ ಗಂಡ ಕಂಪ್ಯೂಟರಿನ ಮುಂದೆ ಕೂತ. ನಕ್ಷೆಗಳ ಕಡತವನ್ನು ಬೇರೆ ಕಂಪ್ಯೂಟರಿನೊಂದಿಗೆ ಹಂಚಿಕೊಳ್ಳುವಂತೆ ಮಾಡಿದ. ನೆಲದ ಮೇಲೆ ಬೋರಲು ಮಲಗಿ ರೂಟರಿನ ಹಿಂದಿದ್ದ ಅಂಕಿಗಳನ್ನು ಗಟ್ಟಿಯಾಗಿ ಓದಿದ. ಗುಬ್ಬಿ ಬರೆದುಕೊಂಡಳು. ಸೊಸೆ ಕಾರ್ಖಾನೆಗೆ ಓಡಿ ಅಲ್ಲಿಂದ ಫೋನ್ ಮಾಡಿದಳು.

"ಬಂತಾ?"

"ಇಲ್ಲ. ಸುಮ್ನೆ ತಿರುಗ್ತಾ ಇದೆ."

"ಈಗ?"

"ಸಿಗ್ತಿಲ್ಲ ಅಂತಿದೆ."

"ಇಲ್ಲಿ ಎಲ್ಲಾ ಸರಿಯಾಗೇ ಇದೆಯಲ್ಲೇ!"

"ಅಲ್ಲಿ ಸರಿ ಇದ್ರೆ ನಂಗೇನ್ರೀ ಬಂತು?"

ಮೊದಲ ತಪ್ಪು ಸಿಕ್ಕಿತು: ಯಾರೂ ಮುಟ್ಟದಿದ್ದರೆ ಕಂಪ್ಯೂಟರ್ ತಾನಾಗಿಯೇ ನಿದ್ದೆ ಹೋಗುತ್ತಿತ್ತು. "ತಾತನ ಥರಾನೇ, ಪೇಪರ್ ಹಿಡ್ಕೊಂಡೇ," ಎಂದಳು ಗುಬ್ಬಿ. ಅದನ್ನು ಸರಿಮಾಡಿದರು. ಸೋಮವಾರ ನಡೆಯಿತು, ಮಂಗಳವಾರ ನಿಂತಿತು. ಪ್ರತಿ ಸಲ ಆಫ್ ಮಾಡಿ ಹಚ್ಚಿದಾಗ ರೂಟರ್ ಕಂಪ್ಯೂಟರಿಗೆ ಬೇರೆ ಬೇರೆ ನಂಬರ್ ಕೊಡುತ್ತಿತ್ತಂತೆ; ಹೊರಗಿನಿಂದ ಬಂದವಳು ಹಳೆಯ ನಂಬರಿನ ಬಾಗಿಲು ತಟ್ಟುತ್ತಿದ್ದಳು. ಅದನ್ನು ಖಾಯಂ ಮಾಡಿದರು. ಆಮೇಲೆ ಸೋಮವಾರವೂ ನಡೆಯದ ಹಾಗಾಯಿತು. ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಿದರೆ, ಇಡೀ ಬೀದಿಯ ಮನೆಗಳಿಗೆ ಈಗ ಒಂದೇ ಹೊರಗಿನ ವಿಳಾಸ ಕೊಟ್ಟಿದ್ದೇವೆ, ನಿಮಗೆ ಬೇರೆಯದೇ ಬೇಕೆಂದರೆ ಅರ್ಜಿ ಹಾಕಿ ಎಂದರು. ಅರ್ಜಿ ಹಾಕಿ ಕಾದರು. ಕಾಯುವಷ್ಟು ದಿನವೂ ಸೊಸೆ ನಡುಮನೆಯಲ್ಲೇ ಕೂತು ಎಳೆದಳು. ಊಟದ ಮೇಜಿನ ಮೇಲೆ ತಟ್ಟೆ ಇಡುವ ಸದ್ದಿಗೆ ಎದ್ದಳು, ಬಡಿಸಿದಳು, ಮತ್ತೆ ಕೂತಳು.

"ಹೀಗೆ ಒದ್ದಾಡೋ ಬದಲು ಇಲ್ಲೇ ಎಳೆದ್ರೆ ಏನಂತೆ?" ಎಂದರು ಮಾವ. "ಮನೇಲಿ ಏನು ಕಮ್ಮಿಯಾಗಿದೆ?"

"ಕಮ್ಮಿ ಏನಿಲ್ಲ ಮಾವ."

"ಮತ್ತೆ?"

ಸೊಸೆ ಅವರ ತಟ್ಟೆಗೆ ಅನ್ನ ಬಡಿಸಿದಳು.

ಮರುದಿನ ಅತ್ತೆ, ಸೊಸೆ ಇಬ್ಬರೇ ಅಡುಗೆಮನೆಯಲ್ಲಿದ್ದಾಗ ಅತ್ತೆ ಬದನೆಕಾಯಿ ಹೆಚ್ಚುತ್ತಾ ತಲೆಯೆತ್ತದೆ ಕೇಳಿದರು.

"ಆ ಕೋಣೆಗೆ ಚಿಲಕ ಇದೆ ಅಂದ್ಯಲ್ಲ."

"ಹೂಂ ಅತ್ತೆ."

"ಒಳಗಿಂದಾನಾ?"

"ಒಳಗಿಂದಾನೇ."

ಅತ್ತೆ ಒಂದು ಹೋಳನ್ನು ಎರಡು ಮಾಡಿದರು, ಎರಡನ್ನು ನಾಲ್ಕು ಮಾಡಿದರು. ಹೋಳು ಪಲ್ಯಕ್ಕಾಗದಷ್ಟು ಸಣ್ಣಗಾಯಿತು.

ಹೊಸ ವಿಳಾಸ ಬಂತು. ಸೊಸೆ ಕಾರ್ಖಾನೆಯಿಂದ ಮತ್ತೆ ಪ್ರಯತ್ನಿಸಿದಳು. ಈ ಸಲ ಮನೆಯ ಕಂಪ್ಯೂಟರ್ ಸಿಕ್ಕಿತು, ಹೆಸರನ್ನೂ ಕೇಳಿತು. ಹೆಸರು ಹೊಡೆದಳು. ಒಳಗೆ ಬಿಡಲಿಲ್ಲ. ಏನೋ ಉದ್ದಕ್ಕೆ ಬರೆದು ತೋರಿಸಿತು. ಅವಳು ಅದನ್ನು ಒಂದೊಂದೇ ಪದವಾಗಿ ಓದಿ, ಫೋನಿನಲ್ಲಿ ಗಂಡನಿಗೂ ಓದಿ ಹೇಳಿದಳು. ಪಾಸ್‌ವರ್ಡ್ ಇಲ್ಲದ ಖಾತೆಗೆ ಹೊರಗಿನಿಂದ ಬರಲು ಬಿಡುವುದಿಲ್ಲ ಎಂಬುದು ಅದರ ಅರ್ಥ.

ಪಾಸ್‌ವರ್ಡ್ ಇರಲಿಲ್ಲ. ಆ ಮನೆಯಲ್ಲಿ ಕಂಪ್ಯೂಟರಿಗೂ ಇರಲಿಲ್ಲ, ಯಾರ ಫೋನಿಗೂ ಇರಲಿಲ್ಲ. ಗುಬ್ಬಿಯ ಗೆಳತಿಯರು ಕಳಿಸಿದ ಸಂದೇಶಗಳನ್ನು ತಾತ ಕನ್ನಡಕ ಹಾಕಿಕೊಂಡು ಊಟದ ಮೇಜಿನಲ್ಲಿ ಓದಿ ಹೇಳುತ್ತಿದ್ದರು.

ಸಂಜೆ ಮಾವ ತಿಂಡಿಗೆ ಕೂತಾಗ ಗಂಡ ವಿಷಯ ತೆಗೆದ.

"ಅಪ್ಪಾ, ಕಂಪ್ಯೂಟರ್‌ಗೆ ಒಂದು ಪಾಸ್‌ವರ್ಡ್ ಹಾಕ್ಬೇಕು."

"ಯಾಕೆ, ಮನೇಲಿ ಕಳ್ಳರಿದ್ದಾರಾ?"

"ಹಾಗಲ್ಲಪ್ಪ. ಅದಿಲ್ದೆ ಹೊರಗಿನಿಂದ ತೆರೆಯಲ್ವಂತೆ."

"ಒಳಗೆ ಬೀಗ ಹಾಕಿದ್ರೇನೇ ಹೊರಗಿನವರಿಗೆ ಬಾಗಿಲು ತೆರೆಯುತ್ತೆ ಅಂತಿದೀಯ. ಯಾವ ನ್ಯಾಯ ಕಣೋ ಇದು?"

"ನ್ಯಾಯ ನಾನು ಮಾಡಿದ್ದಲ್ಲ."

"ನಾನು ಇರೋವರೆಗೂ ಈ ಮನೇಲಿ ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರ ಹತ್ರ ಇರಬಾರ್ದು. ಅಷ್ಟೇ."

ಗುಬ್ಬಿ ಪುಸ್ತಕ ಮುಚ್ಚಿದಳು. "ತಾತ, ಕಂಪ್ಯೂಟರ್ ಕೂಡ ಮರ್ಯಾದೆ ಕೇಳ್ತಿದೆ. ನಾವು ಬಚ್ಚಲಲ್ಲಿ ಕೆಮ್ತಾ ಕೂತಿದೀವಿ."

"ಬಾಯಿ ಮುಚ್ಚೇ," ಎಂದ ಅವಳಪ್ಪ.

"ನಿನ್ನಿಂದಾನೇ ಅಲ್ವಾ ಅಪ್ಪ ಇದೆಲ್ಲಾ ಶುರುವಾಗಿದ್ದು? ಸಣ್ಣವನಿದ್ದಾಗ ಸುಮ್ನೆ ಸ್ನಾನ ಮಾಡ್ಕೊಂಡು ಬರೋಕೆ ಏನಾಗಿತ್ತು ನಿಂಗೆ?"

ಅತ್ತೆಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾವ ತಟ್ಟೆ ತಳ್ಳಿ ಎದ್ದರು.

ಎರಡು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಮೂರನೆಯ ದಿನ ಮಾವ ತಾವೇ ಬಂದು ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡರು. "ಹಾಕಿ. ಆದ್ರೆ ನನ್ನೆದುರಿಗೇ ಹಾಕಿ." ಸೊಸೆ ಹೊಡೆದ ಅಕ್ಷರಗಳನ್ನು ಒಂದೊಂದಾಗಿ ಕೇಳಿ, ಚೀಟಿಯಲ್ಲಿ ದೊಡ್ಡದಾಗಿ ಬರೆದು, ಪರದೆಯ ಕೆಳಗೆ ಅಂಟಿಸಿದರು.

"ಬೀಗ ಹಾಕಿ ಕೀಲಿಕೈಯನ್ನ ಬಾಗಿಲಿಗೇ ಕಟ್ಟಿದ ಹಾಗಾಯ್ತು," ಎಂದಳು ಗುಬ್ಬಿ.

"ಕಟ್ಟೋದೇ ಸರಿ," ಎಂದರು ಮಾವ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಕೋಣೆಯಲ್ಲಿ, ಸೊಸೆಯ ಕಣ್ಣೆದುರಿಗೆ, ಮನೆಯ ನಕ್ಷೆಗಳೆಲ್ಲ ಸಾಲಾಗಿ ತೆರೆದುಕೊಂಡವು. ಗರಗಸದ ಪಕ್ಕದ ಪರದೆಯಲ್ಲಿ ಮೇಸ್ತ್ರಿಗೂ ಕಂಡವು. ಅಕ್ಕ ಬಾಗಿಲಲ್ಲಿ ನಿಂತು ಹೆಬ್ಬೆರಳೆತ್ತಿ ಹೋದಳು. ಸೊಸೆ ಎದ್ದು ಬಾಗಿಲು ಹಾಕಿ ಚಿಲಕ ಸರಿಸಿದಳು. ಎಣ್ಣೆ ಬಿಟ್ಟಿದ್ದರೇನೋ, ಸದ್ದೇ ಇಲ್ಲದೆ ಕೂತಿತು. ಬೆನ್ನ ಹಿಂದೆ ಗೋಡೆಯಿತ್ತು. ಅವಳು ಒಂದೆರಡು ಸಲ ತಿರುಗಿ ನೋಡಿ, ಗೋಡೆಯೇ ಹೌದೆಂದು ಖಾತ್ರಿ ಮಾಡಿಕೊಂಡು ಎಳೆಯತೊಡಗಿದಳು.

ಒಂದು ವಾರ ಹಾಗೆ ಕಳೆಯಿತು. ಅವಳು ಎಳೆದ ಕಪಾಟುಗಳು ಚೆನ್ನಾಗಿದ್ದವು. ಮನೆಗೆ ಬಂದಾಗ ಕೈಯಲ್ಲಿ ಹೂಕೋಸು, ಬ್ರೆಡ್ಡು, ಬಾಯಲ್ಲಿ ಏನಾದರೊಂದು ಹಾಡು ಇರುತ್ತಿತ್ತು.

ಮಾವ ಅದನ್ನು ಗಮನಿಸಿದರು. ಅವರು ಹತ್ತಿ ಗಿರಣಿಯ ಗೇಟಿನಲ್ಲಿ ಟೈಂಕೀಪರ್ ಆಗಿದ್ದವರು. ಯಾರು ಎಷ್ಟಕ್ಕೆ ಒಳಗೆ ಹೋದರು, ಬೀಡಿ ಸೇದಲು ಯಾರು ಎಷ್ಟು ಹೊತ್ತು ಹೊರಗಿದ್ದರು, ಎಲ್ಲ ಅವರ ಕಣ್ಣಲ್ಲಿ ಇರುತ್ತಿತ್ತು. ನಿವೃತ್ತರಾದ ಮೇಲೆ ನೋಡಲು ಬೀದಿಬಾಗಿಲೊಂದೇ ಉಳಿದಿತ್ತು.

"ನಿಮ್ಮಮ್ಮ ಅಲ್ಲಿ ಹೋಗಿ ನಿಜವಾಗ್ಲೂ ಎಳೀತಾಳಾ, ಹರಟೆ ಹೊಡೀತಾಳಾ?" ಎಂದು ಗುಬ್ಬಿಯನ್ನು ಕೇಳಿದರು.

ಗುಬ್ಬಿಗೆ ತನಗೆ ಗೊತ್ತಿರುವುದನ್ನು ತೋರಿಸುವ ಚಪಲ. "ಇಲ್ಲೇ ಕಾಣುತ್ತಲ್ಲ ತಾತ," ಎಂದು ಒಂದು ಕಿಟಕಿ ತೆರೆದಳು. ಕಡತದೊಳಗೆ ಯಾರಿದ್ದಾರೆ, ಎಷ್ಟು ಹೊತ್ತಿನಿಂದ ಇದ್ದಾರೆ, ಎಷ್ಟು ಹೊತ್ತಿನಿಂದ ಏನೂ ಮಾಡದೆ ಸುಮ್ಮನಿದ್ದಾರೆ ಎಂದು ಅಲ್ಲಿ ಸಾಲಾಗಿ ತೋರಿಸುತ್ತಿತ್ತು.

ಮಾವ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದರು. "ಅಯ್ಯೋ! ಗಿರಣೀಲಿ ಇಂಥದ್ದೊಂದು ಇದ್ದಿದ್ರೆ..."

ಮೊದಲ ಫೋನ್ ಆ ಮಧ್ಯಾಹ್ನವೇ ಬಂತು.

"ಏನಮ್ಮಾ, ಸುಮ್ನೆ ಇದೀಯ ಅಂತ ತೋರಿಸ್ತಿದೆ?"

"ಊಟಕ್ಕೆ ಕೂತಿದ್ದೆ ಮಾವ."

"ಇಷ್ಟು ಹೊತ್ತು ಊಟಾನಾ? ನೀನು ಕೆಲಸ ಮಾಡ್ದೇ ಇರುವಾಗ ಇಲ್ಲಿ ಕರೆಂಟ್ ಯಾಕೆ ಸುಮ್ನೆ ಉರೀಬೇಕು? ಆಫ್ ಮಾಡ್ತೀನಿ."

"ಬೇಡ ಮಾವ, ಅಲ್ಲಿ ಮೇಸ್ತ್ರಿ..."

ಆಫ್ ಆಗಿತ್ತು. ಗರಗಸದ ಪಕ್ಕದ ಪರದೆ ಬರಿದಾಯಿತು. ಮೇಸ್ತ್ರಿ ಹಲಗೆಯನ್ನು ಅರ್ಧಕ್ಕೆ ಬಿಟ್ಟು ಬಂದು ಬಾಗಿಲು ತಟ್ಟಿದ. ಸೊಸೆ ತುತ್ತನ್ನು ಡಬ್ಬಿಗೆ ಹಾಕಿ ಮನೆಗೆ ಓಡಿದಳು, ಹಚ್ಚಿದಳು, ಮತ್ತೆ ಓಡಿ ಬಂದಳು.

"ಮಾವನಿಗೆ ಹೇಳ್ರೀ," ಎಂದು ಸಂಜೆ ಗಂಡನನ್ನು ಕೇಳಿದಳು.

"ಹೇಳಿದ್ರೆ ಕೇಳ್ತಾರಾ? ಅವರಿಗೂ ಹೊತ್ತು ಹೋಗ್ಬೇಕಲ್ಲ. ನೀನು ಸುಮ್ನಿರಬೇಡ, ಅಷ್ಟೇ ತಾನೆ?"

"ಕೆಲಸದಲ್ಲಿ ಯೋಚನೆ ಮಾಡೋದೂ ಇರುತ್ತೆ. ಕಿಟಕಿ ಕಡೆ ನೋಡೋದೂ ಇರುತ್ತೆ."

"ಮೌಸ್ ಆಡಿಸ್ತಾ ನೋಡು."

"ಮೌಸ್ ಆಡಿಸಿದ್ರೆ ಆಗಲ್ಲ, ಸೇವ್ ಮಾಡ್ಬೇಕು. ಆಗ್ಲೇ ಅಲ್ಲಿ ಸೊನ್ನೆ ಆಗೋದು."

"ಹಂಗಾದ್ರೆ ಸೇವ್ ಮಾಡ್ತಾ ಇರು," ಎಂದು ಅವನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡ.

ಅವಳು ಸೇವ್ ಮಾಡುತ್ತಾ ಇದ್ದಳು. ಒಂದು ಗೆರೆ, ಸೇವ್. ನೀರು ಕುಡಿಯುವ ಮೊದಲು ಸೇವ್, ಕುಡಿದು ಬಂದು ಸೇವ್. ಎಡಗೈಯ ಎರಡು ಬೆರಳು ಸೇವ್ ಮಾಡುವ ಆ ಎರಡು ಕೀಗಳ ಮೇಲೇ ಕೂತುಬಿಟ್ಟವು. ಕೋಣೆಯಲ್ಲಿ ಒಬ್ಬಳೇ ಇದ್ದರೂ ಬೆನ್ನು ಮೊದಲಿನಂತೆ ಬಿಗಿಯಾಯಿತು. ಶೌಚಾಲಯಕ್ಕೆ ಹೋಗಬೇಕಾದರೆ ಮರದ ರಾಶಿಗಳ ನಡುವೆ ಓಡುತ್ತಿದ್ದಳು. ಆದರೂ ಕಂಪ್ಯೂಟರ್ ಇನ್ನೊಮ್ಮೆ ಆಫ್ ಆಯಿತು. ಆ ದಿನ ಅವಳು ಅಳತೆ ಹಿಡಿಯಲು ಗಿರಾಕಿಯ ಮನೆಗೆ ಹೋಗಿದ್ದಳು. ಮೂವರು ಬಡಗಿಗಳು ಕೈಕಟ್ಟಿ ಕೂತಿದ್ದರು.

ಅಕ್ಕ ಅವಳನ್ನು ಕೂರಿಸಿಕೊಂಡಳು. "ನಿಮ್ಮ ಮನೆ ವಿಷಯಕ್ಕೆ ನಾನು ಬರಲ್ಲ. ಇನ್ನೊಂದ್ಸಲ ಗರಗಸ ನಿಂತ್ರೆ ಮಾತ್ರ ನಾನು ಬೇರೆ ವ್ಯವಸ್ಥೆ ಮಾಡ್ಕೊಳ್ಳಲೇಬೇಕಾಗುತ್ತೆ. ಬೇಜಾರಾಗ್ಬೇಡ."

"ಇಲ್ಲ ಅಕ್ಕ. ನಿಲ್ಲಲ್ಲ."

ರಾತ್ರಿ ಊಟಕ್ಕೆ ಬಡಿಸುವಾಗ ಗುಬ್ಬಿ ಅಮ್ಮನ ಪಕ್ಕ ಬಂದು ನಿಂತಳು. "ನಾನು ತಾತನಿಗೆ ಆ ಕಿಟಕಿ ತೋರಿಸಬಾರ್ದಿತ್ತು ಅಲ್ವಾ?" ಸೊಸೆ ಅವಳ ಕೈಗೆ ನೀರಿನ ಜಗ್ಗು ಕೊಟ್ಟು, "ಮೇಜಿಗೆ ಇಡು ಹೋಗು," ಎಂದಳು. ಅತ್ತೆ ಒಲೆಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ, ಮಧ್ಯಾಹ್ನ, ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಮೇಸ್ತ್ರಿಯೆಂದು ತೆಗೆದರೆ ಅತ್ತೆ. ಚಪ್ಪಲಿಯ ತುಂಬಾ ಮರದ ಹೊಟ್ಟು ಮೆತ್ತಿಕೊಂಡಿತ್ತು.

"ಅತ್ತೆ! ಏನಾಯ್ತು? ಮನೇಲಿ ಎಲ್ಲಾ ಸರಿ ಇದಾರಾ?"

"ಏನೂ ಆಗಿಲ್ಲ. ಕನ್ನಡಕದ ಕಡ್ಡಿ ಹಾಕಿಸ್ಕೊಂಡು ಬರ್ತೀನಿ ಅಂತ ಹೇಳಿ ಬಂದೆ." ಕನ್ನಡಕ ಅವರ ಮೂಗಿನ ಮೇಲೆ ನೆಟ್ಟಗೇ ಇತ್ತು. ಅವರು ಒಳಗೆ ಬಂದು ಮೇಜು ನೋಡಿದರು, ಕಿಟಕಿ ನೋಡಿದರು. ಆಮೇಲೆ ಬಾಗಿಲ ಹಿಂದಕ್ಕೆ ಹೋಗಿ ಚಿಲಕವನ್ನು ಬೆರಳಲ್ಲಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದರು.

"ಸಲೀಸಾಗಿದೆ."

"ಹೂಂ."

"ಸಿಕ್ಕಿಕೊಳ್ಳಲ್ಲ ತಾನೆ?"

"ಇಲ್ಲ ಅತ್ತೆ."

"ನೀನು ಸ್ವಲ್ಪ ಹೊತ್ತು ಹೊರಗಿರ್ತೀಯಾ?"

ಸೊಸೆ ಪರದೆಯ ಕಡೆ ನೋಡಿದಳು. ಆಗ ತಾನೆ ಸೇವ್ ಮಾಡಿದ್ದಳು. ಹೊರಗೆ ಗರಗಸ ಕೂಗುತ್ತಿತ್ತು. ದೊಡ್ಡ ಕೆಲಸ, ಒಂದು ಇಡೀ ಅಡುಗೆಮನೆ, ಅವಳ ನಕ್ಷೆ ನೋಡಿಕೊಂಡೇ ಕೊಯ್ಯುತ್ತಿದ್ದರು. ಅತ್ತೆಯ ಮುಖ ನೋಡಿದಳು. "ಇರ್ತೀನಿ," ಎಂದು ಹೊರಗೆ ಬಂದಳು. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಅವಳು ಗೋಡೆಗೊರಗಿ ನಿಂತಳು. ಒಳಗೆ ಕುರ್ಚಿ ಎಳೆದ ಸದ್ದು. ಅತ್ತೆ ಅಳಬಹುದು, ಸೆರಗು ತೆಗೆದು ಗಾಳಿ ಹಾಕಿಕೊಳ್ಳಬಹುದು, ಕಾಲು ಚಾಚಿ ಕೂರಬಹುದು. ಏನು ಮಾಡುತ್ತಿದ್ದಾರೆಂದು ತಿಳಿಯುವ ಹಾಗಿರಲಿಲ್ಲ. ಒಮ್ಮೆ ಬಾಗಿಲ ಮೇಲೆ ಕೈ ಎತ್ತಿ, ತಟ್ಟದೆ ಇಳಿಸಿದಳು.

ಫೋನ್ ಬಂತು.

"ಏನಮ್ಮಾ, ಮತ್ತೆ ಸುಮ್ನಿದೀಯ?"

"ಕೆಲಸ ನಡೀತಿದೆ ಮಾವ."

"ಇಲ್ಲಿ ಹಾಗೆ ತೋರಿಸ್ತಿಲ್ಲ. ನಂಗೆ ಹೇಳ್ಬೇಡ, ನಾನು ಗೇಟಲ್ಲಿ ಜೀವನ ಕಳೆದವನು. ಆಫ್ ಮಾಡ್ತೀನಿ ನೋಡು."

"ಒಂದು ನಿಮಿಷ ಮಾವ. ಈಗ ಸೇವ್ ಮಾಡ್ತೀನಿ."

ಫೋನನ್ನು ಎದೆಗೆ ಒತ್ತಿ ಹಿಡಿದು ಬಾಗಿಲ ಸಂದಿಗೆ ಬಾಯಿಟ್ಟಳು. "ಅತ್ತೆ, ತೆಗೀಬೇಡಿ. ಅಲ್ಲೇ ಕೂತ್ಕೊಂಡು, ಕೀಗಳಿವೆಯಲ್ಲ, ಎಡಗಡೆ ಕೆಳಮೂಲೇಲಿರೋದನ್ನ ಒತ್ತಿ ಹಿಡ್ಕೊಳ್ಳಿ. ಹಾವಿನ ಥರ ಸುತ್ತಿಕೊಂಡಿರೋ ಅಕ್ಷರ ಇದೆ ನೋಡಿ, ಇನ್ನೊಂದು ಕೈಯಲ್ಲಿ ಅದನ್ನ ಒತ್ತಿ."

ಗರಗಸ ಕೂಗುತ್ತಲೇ ಇತ್ತು. ಅವಳು ಆ ಕೂಗು ನಿಲ್ಲುವುದನ್ನೇ ಕಾಯುವವಳಂತೆ ಕಣ್ಣು ಮುಚ್ಚಿದಳು. ಆಮೇಲೆ ಒಳಗೆ ಕೀ ಒತ್ತಿದ ಟಕ್ ಎಂಬ ಸಣ್ಣ ಸದ್ದು.

ಫೋನನ್ನು ಕಿವಿಗಿಟ್ಟುಕೊಂಡಳು.

"ಹಾಂ, ಸೊನ್ನೆಯಾಯ್ತು," ಎನ್ನುತ್ತಿದ್ದರು ಮಾವ. "ನೋಡು, ಹೇಳಿದ್ರೆ ಕೆಲಸ ಮಾಡ್ತೀಯ. ಹೇಳಬೇಕಷ್ಟೇ. ಅಂದಹಾಗೆ ನಿಮ್ಮತ್ತೆ ಕನ್ನಡಕದ ಅಂಗಡಿಗೆ ಅಂತ ಹೋದವಳು ಇನ್ನೂ ಬಂದಿಲ್ಲ. ಇವಳದ್ದೊಂದೇ ನೋಡು, ನಂಗೆ ಲೆಕ್ಕ ಸಿಗಲ್ಲ."

"ಬರ್ತಾರೆ ಮಾವ."

"ಬರಲಿ. ನೀನು ಎಳಿ."

ಫೋನ್ ಇಟ್ಟ ಮೇಲೂ ಅವಳು ಅಲ್ಲೇ ನಿಂತಿದ್ದಳು. ಗಾಳಿಯಲ್ಲಿ ಮರದ ಪುಡಿ ತೇಲುತ್ತಿತ್ತು. ಗಂಟಲಿಗೆ ಹೋಗಿ ಜೋರಾಗಿ ಕೆಮ್ಮು ಬಂತು. ಕೆಮ್ಮಿ, ಆ ಮನೆಯ ಅಭ್ಯಾಸದಂತೆ, ಒಳಗಿನ ಮರುಕೆಮ್ಮಿಗೆ ಕಿವಿಗೊಟ್ಟಳು.

ಅತ್ತೆ ಕೆಮ್ಮಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು, ಯಾರೂ ಹೇಳದೆ, ಒಳಗಿನಿಂದ ಮತ್ತೊಮ್ಮೆ ಟಕ್ ಎಂದಿತು.